ಮಿಯಾಟಾ ಮಾರುವುದಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನನ್ನ ಕೆಂಪು ಮಿಯಾಟಾ ಕಾರು ಮಾರಾಟಕ್ಕಿಲ್ಲ. ಬಂಕಿನಲ್ಲಿ ಪೆಟ್ರೋಲ್ ತುಂಬಿಸುವಾಗ ಕೇಳುತ್ತಾರೆ, ಸಿಗ್ನಲ್‌ನಲ್ಲಿ ಪಕ್ಕದ ಕಾರಿನವರು ಗಾಜು ಇಳಿಸಿ ಕೇಳುತ್ತಾರೆ, ಅಂಗಡಿಯಿಂದ ಹೊರಗೆ ಬಂದರೆ ವೈಪರ್ ಕೆಳಗೆ ಫೋನ್ ನಂಬರ್ ಬರೆದ ಚೀಟಿ ಇರುತ್ತದೆ. ನಾನು ಇದನ್ನು ತಗೊಂಡಾಗ ಯಾರೂ ತಿರುಗಿ ನೋಡುತ್ತಿರಲಿಲ್ಲ. ಈಗ 90ರ ದಶಕದ ಜಪಾನಿ ಕಾರುಗಳಿಗೆ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಳ್ಳೆ ಬೆಲೆ ಬಂದಿದೆ, ಹಾಗಾಗಿ ಸ್ಯಾನ್ ಹೋಸೆಯಲ್ಲಿರುವ ಗೆಳೆಯರಿಂದ ಹಿಡಿದು ಮೂಡಿಗೆರೆಯಲ್ಲಿರುವ ಭಾವನವರೆಗೆ ಎಲ್ಲರದೂ ಒಂದೇ ಮಾತು. "ಕೊಟ್ಟುಬಿಡು ಮಾರಾಯ ಅತ್ಲಾಗೆ, ಒಂದು ಎಲೆಕ್ಟ್ರಿಕ್ ಕಾರು ತಗೋ." ಪ್ರತಿ ಸಲ ಫೋನಿನಲ್ಲಿ ಉತ್ತರ ಹೇಳೋದಕ್ಕಿಂತ ಒಮ್ಮೆ ಬರೆದುಬಿಡೋಣ ಅಂತ ಕೂತಿದ್ದೇನೆ.

ನನ್ನದು 1992ರ ಮಾಡೆಲ್ ಮಾಜ್ಡಾ ಎಂಎಕ್ಸ್-5. ಅಮೆರಿಕದಲ್ಲಿ ಎಲ್ಲರೂ ಮಿಯಾಟಾ ಅಂತಲೇ ಕರೆಯೋದು. ಎರಡೇ ಸೀಟು, 1.6 ಲೀಟರ್ ಇಂಜಿನ್, 116 ಹಾರ್ಸ್‌ಪವರ್, ಐದು ಗೇರು, ತೂಕ ಹೆಚ್ಚುಕಡಿಮೆ ಒಂದು ಟನ್. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ ಬರಲು ಸುಮಾರು 9 ಸೆಕೆಂಡ್ ಬೇಕು. ಇವತ್ತು ಮಕ್ಕಳನ್ನು ಶಾಲೆಗೆ ಬಿಡುವ ಕಾರುಗಳೇ ಇದಕ್ಕಿಂತ ಬೇಗ ಹೋಗುತ್ತವೆ. ಹಾಗಾದರೆ ಇದು ಯಾವ ಸೀಮೆ ಸ್ಪೋರ್ಟ್ಸ್ ಕಾರು ಅಂತ ಕೇಳಬಹುದು.

ನನ್ನ ಪ್ರಕಾರ ಅಪ್ಪಟ ಸ್ಪೋರ್ಟ್ಸ್ ಕಾರು ಅಂದರೆ ಇದೇ. ಎರಡನೇ ಗೇರಿನಲ್ಲಿ, ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಟ್ಯಾಕೋಮೀಟರ್ ಮುಳ್ಳು 7,000ಕ್ಕೆ ಬರುವ ತನಕ ಎಳೆದರೂ ಗಂಟೆಗೆ 60 ಮೈಲಿ ದಾಟುವುದಿಲ್ಲ. ಅಂದರೆ ಇಂಜಿನ್‌ನಲ್ಲಿ ಇರೋದನ್ನೆಲ್ಲ ಬಳಸಬಹುದು, ಪೊಲೀಸರ ಭಯ ಇಲ್ಲದೆ, ಎದುರಿನಿಂದ ಬರುವವರಿಗೆ ಅಪಾಯ ಮಾಡದೆ. ಗೆಳೆಯರೊಬ್ಬರ 500 ಹಾರ್ಸ್‌ಪವರ್ ಕಾರು ಓಡಿಸಿ ನೋಡಿದ್ದೇನೆ. ಅದ್ಭುತವಾದ ಗಾಡಿ. ಆದರೆ ಆಕ್ಸಲರೇಟರ್ ಅರ್ಧ ಒತ್ತುವಷ್ಟರಲ್ಲಿ ರಸ್ತೆಯೇ ಮುಗಿದುಹೋಗುತ್ತದೆ, ಉಳಿದ ಅರ್ಧವನ್ನು ಎಲ್ಲಿ ಬಳಸೋದು? ಮಿಯಾಟಾದಲ್ಲಿ ಆ ಕೊರತೆ ಇಲ್ಲ. ಹಾಲು ತರಲು ಹೋದರೂ ಪೂರ್ತಿ ಕಾರು ಕೈಗೆ ಸಿಗುತ್ತದೆ.

ಇದು ಹುಟ್ಟಿದ ಕಥೆಯೂ ನನಗೆ ಇಷ್ಟ. ಬಾಬ್ ಹಾಲ್ ಅಂತ ಒಬ್ಬ ಅಮೆರಿಕನ್ ಕಾರು ಪತ್ರಕರ್ತ 1979ರಲ್ಲಿ ಮಾಜ್ಡಾದ ಕೆನಿಚಿ ಯಮಮೊಟೊ ಅವರನ್ನು ಭೇಟಿ ಮಾಡಿ, ಬ್ರಿಟಿಷರು ಮಾಡುತ್ತಿದ್ದಂಥ ಹಗುರವಾದ, ತೆರೆದ ಟಾಪಿನ, ಸಣ್ಣ ಕಾರನ್ನು ನೀವ್ಯಾಕೆ ಮಾಡಬಾರದು ಅಂತ ಕೇಳಿದ. ಆಗ ಆ ಬ್ರಿಟಿಷ್ ಕಾರುಗಳ ಕಾಲ ಮುಗಿಯುತ್ತಾ ಬಂದಿತ್ತು. ಓಡಿಸಲು ಬಹಳ ಚೆಂದ, ಆದರೆ ಆಯಿಲ್ ಸೋರುತ್ತಿದ್ದವು, ಮಳೆ ಬಂದರೆ ಸ್ಟಾರ್ಟ್ ಆಗುತ್ತಿರಲಿಲ್ಲ. ಆಮೇಲೆ ಹಾಲ್ ಮಾಜ್ಡಾ ಕಂಪನಿಗೇ ಕೆಲಸಕ್ಕೆ ಸೇರಿದ. ಟಾಮ್ ಮಟಾನೊ ಮತ್ತಿತರರು ಕ್ಯಾಲಿಫೋರ್ನಿಯಾದ ಸ್ಟುಡಿಯೋದಲ್ಲಿ ರೂಪ ಕೊಟ್ಟರು, ಜಪಾನಿನಲ್ಲಿ ತೊಶಿಹಿಕೊ ಹಿರಾಯ್ ಅವರ ತಂಡ ಅದನ್ನು ಕಾರು ಮಾಡಿತು. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋದಲ್ಲಿ ಹೊರಗೆ ಬಂತು, ಬೆಲೆ 13,800 ಡಾಲರ್. ಸಾಮಾನ್ಯ ಸಂಬಳದವರು ಕೊಳ್ಳಬಹುದಾದ ಸ್ಪೋರ್ಟ್ಸ್ ಕಾರು, ಅದೂ ದಿನಾ ಬೆಳಿಗ್ಗೆ ಸ್ಟಾರ್ಟ್ ಆಗುವಂಥದ್ದು! 2016ರಲ್ಲಿ ಹತ್ತು ಲಕ್ಷದ ಗಾಡಿ ತಯಾರಾಯಿತು.

ಇದನ್ನು ಓಡಿಸಲು ನನ್ನ ಮೆಚ್ಚಿನ ಜಾಗ ಮೌಂಟ್ ಹ್ಯಾಮಿಲ್ಟನ್ ರಸ್ತೆ. ಸ್ಯಾನ್ ಹೋಸೆಯ ಪೂರ್ವದ ಬೆಟ್ಟಗಳ ಮೇಲೆ ಲಿಕ್ ವೀಕ್ಷಣಾಲಯ ಇದೆ, 1888ರಲ್ಲಿ ಅಲ್ಲಿ ಕೂರಿಸಿದ 36 ಇಂಚಿನ ಮಸೂರದ ದೂರದರ್ಶಕ ಆ ಕಾಲಕ್ಕೆ ತನ್ನ ಜಾತಿಯಲ್ಲಿ ಪ್ರಪಂಚಕ್ಕೇ ದೊಡ್ಡದು. ಕಟ್ಟುವ ಸಾಮಾನನ್ನೆಲ್ಲ ಕುದುರೆ ಗಾಡಿಗಳಲ್ಲಿ ಮೇಲೆ ಸಾಗಿಸಬೇಕಿತ್ತು. ಕುದುರೆಗಳಿಗೆ ಕಡಿದಾದ ಏರು ಆಗುವುದಿಲ್ಲ ಅಲ್ವಾ, ಅದಕ್ಕೆ 1870ರ ದಶಕದಲ್ಲಿ ರಸ್ತೆ ಮಾಡಿದವರು ಏರನ್ನು ಕಡಿಮೆ ಇಟ್ಟು ತಿರುವುಗಳನ್ನು ಜಾಸ್ತಿ ಮಾಡಿದರು. ವರ್ಷಕ್ಕೆಷ್ಟು ದಿನವೋ ಅಷ್ಟು ತಿರುವು, 365, ಅಂತ ಇಲ್ಲಿನವರು ಹೇಳುತ್ತಾರೆ. ನಾನು ಎಣಿಸಿಲ್ಲ, ಎಣಿಸುವಷ್ಟು ಪುರುಸೊತ್ತನ್ನು ಆ ರಸ್ತೆ ಕೊಡುವುದೂ ಇಲ್ಲ. ಕುದುರೆಗೆ ಅಂತ ಮಾಡಿದ ಆ ಹದವಾದ ಏರು, ಒಂದರ ಬೆನ್ನಿಗೆ ಇನ್ನೊಂದು ತಿರುವು, ಇದು ನನ್ನ ಸಣ್ಣ ಇಂಜಿನ್‌ಗೆ ಅಳತೆ ತಗೊಂಡು ಹೊಲಿಸಿದ ಅಂಗಿಯ ಹಾಗಿದೆ. ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡನೇದು. ಬ್ರೇಕ್ ಬೇಕಾಗುವುದೇ ಕಡಿಮೆ.

ಚಾರ್ಮಾಡಿ ಘಾಟಿ ನೋಡಿ ಬೆಳೆದವನು ನಾನು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಅಪ್ಪನ ಪ್ರೀಮಿಯರ್ ಪದ್ಮಿನಿಯಲ್ಲಿ ಧರ್ಮಸ್ಥಳದ ಕಡೆ ಇಳಿಯುತ್ತಿದ್ದೆವು (ಆ ನೀರುದೋಸೆಗೆ ಈಗಲೂ ಸಮ ಇಲ್ಲ). ಪದ್ಮಿನಿಗೆ ಗೇರು ಸ್ಟಿಯರಿಂಗ್ ಪಕ್ಕದಲ್ಲಿ ಇರುತ್ತಿತ್ತು, ನೆನಪಿದೆಯಾ? ಘಾಟಿ ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಅಂತ ಅಪ್ಪ ಹೇಳುತ್ತಿದ್ದರು. ಇಂಜಿನ್ ಸದ್ದು ಕೇಳಿಯೇ ಗೇರು ಬದಲಾಯಿಸುತ್ತಿದ್ದರು, ಮೀಟರ್ ನೋಡಿದ್ದನ್ನು ನಾನು ಕಂಡಿಲ್ಲ. ಅಪ್ಪ ಇಲ್ಲಿಗೆ ಬಂದಾಗ ಮಿಯಾಟಾ ನೋಡಿ ಮೊದಲು ಕೇಳಿದ್ದು, "ಎರಡೇ ಸೀಟಾ? ಸಾಮಾನು ಎಲ್ಲಿ ಇಡ್ತೀಯೋ?" ಮೌಂಟ್ ಹ್ಯಾಮಿಲ್ಟನ್ ಅರ್ಧ ಹತ್ತುವಷ್ಟರಲ್ಲಿ ಸಾಮಾನಿನ ಮಾತು ಬಿಟ್ಟು, ಪ್ರತಿ ತಿರುವಿಗೂ ಮುಂಚೆ "ಈಗ ಹಾಕು, ಎರಡನೇದು ಹಾಕು" ಅಂತ ಹೇಳಿಕೊಡಲು ಶುರು ಮಾಡಿದ್ದರು. ಅವರು ಹೇಳಿದ ಜಾಗ ಪ್ರತಿ ಸಲವೂ ಸರಿಯಾಗಿತ್ತು. ಅಪ್ಪನಿಗೆ ಆ ಕಾರು ಹಿಡಿಸಿತು ಅಂತ ನನಗೆ ಗೊತ್ತಾಗಿದ್ದು ಅಲ್ಲೇ.

ಗೇರಿನ ಬಗ್ಗೆ ಒಂದೆರಡು ಮಾತು ಜಾಸ್ತಿ ಹೇಳಲೇಬೇಕು. ಇದರ ಗೇರ್ ರಾಡು ನೇರವಾಗಿ ಗೇರ್‌ಬಾಕ್ಸ್ ಒಳಗೇ ಇಳಿಯುತ್ತದೆ, ನಡುವೆ ಕೇಬಲ್ ಗೀಬಲ್ ಏನೂ ಇಲ್ಲ. ಮಣಿಕಟ್ಟು ಸ್ವಲ್ಪ ಆಡಿಸಿದರೆ ಸಾಕು, ಮೂರನೇ ಗೇರು ಟಕ್ ಅಂತ ಬೀಳುತ್ತದೆ, ಬಿದ್ದದ್ದು ಅಂಗೈಗೆ ಗೊತ್ತಾಗುತ್ತದೆ. ಚಳಿಗಾಲದ ಬೆಳಿಗ್ಗೆ ಎರಡನೇ ಗೇರು ಸ್ವಲ್ಪ ಹಟ ಮಾಡುತ್ತದೆ. ಆಯಿಲ್ ಬಿಸಿಯಾಗುವ ತನಕ ಒಂದೆರಡು ಮೈಲಿ ಕಾಯಬೇಕು, ಬಲವಂತ ಮಾಡಬಾರದು. ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಗೇರ್ ನಾಬ್ ಮುಟ್ಟಲಾರದಷ್ಟು ಬಿಸಿಯಾಗುತ್ತಿತ್ತು, ಸೀಟಿನ ಪಕ್ಕದಿಂದ ಬಿಸಿಗಾಳಿ ಬರುತ್ತಿತ್ತು. ಬಿಚ್ಚಿ ನೋಡಿದರೆ ಗೇರ್ ರಾಡಿನ ಬುಡಕ್ಕೆ ಇರುವ ರಬ್ಬರ್ ಬೂಟ್ ಹರಿದು ಚಿಂದಿಯಾಗಿತ್ತು. ಈ ವಯಸ್ಸಿನ ಮಿಯಾಟಾ ಇರುವವರಿಗೆಲ್ಲ ಇದು ಗೊತ್ತಿರುವ ಕಾಯಿಲೆ. ಒಳಗಿನ ಆಯಿಲೂ ಒಣಗಿಹೋಗಿತ್ತು. ಹೊಸ ರಬ್ಬರ್ ಹಾಕಿ, ಹೊಸ ಆಯಿಲ್ ತುಂಬಿಸಿದೆ. ಅರ್ಧ ದಿನದ ಕೆಲಸ. ಗೇರು ಮತ್ತೆ ಹೊಸ ಕಾರಿನಷ್ಟು ನುಣುಪಾಯಿತು.

ಟಾಪ್ ಇಳಿಸೋದೂ ಹಾಗೆ, ಬಟನ್ ಕೆಲಸ ಅಲ್ಲ. ಹಿಂದಿನ ಕಿಟಕಿ ಗಾಜಿನದ್ದಲ್ಲ, ಪಾರದರ್ಶಕ ಪ್ಲಾಸ್ಟಿಕ್ಕಿನದ್ದು, ಸುತ್ತಲೂ ಜಿಪ್ ಇದೆ. ಮೊದಲು ಜಿಪ್ ಬಿಚ್ಚಿ ಆ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ಚಪ್ಪಟೆಯಾಗಿ ಮಲಗಿಸಬೇಕು, ಇಲ್ಲದಿದ್ದರೆ ಮಡಿಕೆ ಬಿದ್ದು ಅಲ್ಲೇ ಸೀಳುತ್ತದೆ. ಚಳಿಯಲ್ಲಂತೂ ಪ್ಲಾಸ್ಟಿಕ್ ಸೆಟೆದುಕೊಂಡಿರುತ್ತದೆ, ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿ ಆಮೇಲೆ ಕೈ ಹಾಕಬೇಕು. ಆಮೇಲೆ ಮುಂದಿನ ಗಾಜಿನ ಮೇಲಿರುವ ಎರಡು ಕೊಂಡಿ ತೆಗೆದು ಹಿಂದಕ್ಕೆ ಹಾಕಿದರೆ ಆಯಿತು. ಇನ್ನೊಂದು ವಿಷಯ. ಸೀಟಿನ ಹಿಂದೆ ಎರಡೂ ಮೂಲೆಗಳಲ್ಲಿ ಮಳೆನೀರು ಇಳಿಯುವ ತೂತುಗಳಿವೆ. ಮರದ ಕೆಳಗೆ ನಿಲ್ಲಿಸುವವರು ಅದನ್ನು ನೋಡುತ್ತಲೇ ಇರಬೇಕು. ಎಲೆ ಕಸ ಕಟ್ಟಿಕೊಂಡರೆ ನೀರು ಒಳಗೇ ನಿಂತು, ಬಾಗಿಲ ಕೆಳಗಿನ ತಗಡು ಒಳಗಿಂದೊಳಗೇ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಉಬ್ಬಿ ಕಾಣುವಷ್ಟರಲ್ಲಿ ಕಾಲ ಮೀರಿರುತ್ತದೆ. ಮಿಯಾಟಾಗಳನ್ನು ಇಂಜಿನ್‌ಗಿಂತ ಜಾಸ್ತಿ ಕೊಂದಿರುವುದು ಈ ತುಕ್ಕೇ ಅಂತ ನನ್ನ ಅಭಿಪ್ರಾಯ.

ಇಂಜಿನ್ ಬಗ್ಗೆ ನನಗೆ ಚಿಂತೆ ಇಲ್ಲ. ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ 60,000 ಮೈಲಿಗೊಮ್ಮೆ ಬದಲಾಯಿಸಬೇಕು, ಅಕಸ್ಮಾತ್ ಕಿತ್ತುಹೋದರೂ ವಾಲ್ವು ಪಿಸ್ಟನ್ನಿಗೆ ಬಡಿಯದ ಹಾಗೆ ಇದನ್ನು ಮಾಡಿದ್ದಾರೆ. 1990ರ ಮತ್ತು 91ರ ಶುರುವಿನ ಗಾಡಿಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ (ಇಂಜಿನ್ ಒಳಗೆ ತಿರುಗುವ ಮುಖ್ಯ ದಂಡ) ಮೂತಿ ಗಿಡ್ಡ, ಅದರ ತುದಿಯ ಪುಲ್ಲಿ ಸಡಿಲವಾಗಿ ಅಲ್ಲಾಡಲು ಶುರುವಾಗುವ ತೊಂದರೆ ಇತ್ತು, ಅದಕ್ಕೇ ನಾನು 92ರದ್ದನ್ನು ಹುಡುಕಿ ತಗೊಂಡೆ. ತೊಂದರೆ ಕೊಡೋದು ಸಣ್ಣ ಪುಟ್ಟ ವಸ್ತುಗಳು. ಒಂದು ಭಾನುವಾರ ಇಲ್ಲಿನ ಬೆಟ್ಟದ ಊರು ಲಾ ಹೊಂಡಾ ಕಡೆಯಿಂದ ವಾಪಸ್ ಬರುವಾಗ ಕ್ಲಚ್ ಪೆಡಲ್ ಸುಮ್ನೆ ನೆಲಕ್ಕೆ ಹೋಗಿ ಕೂತಿತು. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಸೋರಿ ಫ್ಲೂಯಿಡ್ ಖಾಲಿ. ಮೊದಲನೇ ಗೇರು ಹಾಕಿ, ಗೇರಿನಲ್ಲೇ ಸ್ಟಾರ್ಟ್ ಮಾಡಿ, ಗಾಡಿ ಕುಪ್ಪಳಿಸಿ ಹೊರಟ ಮೇಲೆ ಇಂಜಿನ್ ಸದ್ದಿಗೆ ಕಿವಿ ಕೊಟ್ಟು, ಗಾಡಿಯ ವೇಗಕ್ಕೆ ಇಂಜಿನ್ ಸುತ್ತು ಹೊಂದಿಸಿ ಕ್ಲಚ್ ಇಲ್ಲದೆಯೇ ಒಂದೊಂದೇ ಗೇರು ಹಾಕುತ್ತಾ ಮನೆ ಸೇರಿದೆ. ಅಪ್ಪನ ಹತ್ತಿರ ಕಲಿತ ವಿದ್ಯೆ ಅದು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಪಾರ್ಟು, ಬೆಲೆಯೂ ಕಡಿಮೆ, ಮುಂದಿನ ಶನಿವಾರ ನಾನೇ ಹಾಕಿಕೊಂಡೆ.

ಬಿಡಿಭಾಗ ಸಿಗುತ್ತಾ ಅಂತ ಕೇಳುವವರಿಗೆ: ಸಿಗುತ್ತದೆ. ಇಷ್ಟೊಂದು ಗಾಡಿ ಮಾರಿದ್ದರ ಲಾಭ ಇದೇ. 2017ರಲ್ಲಿ ಮಾಜ್ಡಾ ಜಪಾನಿನಲ್ಲಿ ಈ ಮೊದಲ ತಲೆಮಾರಿನ ಕಾರುಗಳನ್ನು ಕಂಪನಿಯಲ್ಲೇ ಹೊಸದರಂತೆ ಮಾಡಿಕೊಡುವ ಸೇವೆ ಶುರು ಮಾಡಿತು, ನಿಂತುಹೋಗಿದ್ದ ಕೆಲವು ಪಾರ್ಟುಗಳನ್ನು ಮತ್ತೆ ತಯಾರಿಸಿತು. ಮಾರಿ ದಶಕಗಳೇ ಕಳೆದ ಅಗ್ಗದ ಕಾರಿಗೆ ಎಷ್ಟು ಕಂಪನಿಗಳು ಹೀಗೆ ಮಾಡಿವೆ? ನನಗೆ ಆ ಸುದ್ದಿ ಓದಿ ನಿಜವಾಗಿ ಖುಷಿಯಾಗಿತ್ತು.

ಇನ್ನು ಕೆಲವರು ಹೇಳುವ ಬುದ್ಧಿಮಾತು, ಓಡಿಸಬೇಡ, ಕವರ್ ಹಾಕಿ ಗ್ಯಾರೇಜಿನಲ್ಲಿ ಇಡು, ಮೈಲಿ ಜಾಸ್ತಿ ಆದರೆ ಬೆಲೆ ಕಡಿಮೆ ಆಗುತ್ತದೆ. ಇದನ್ನು ನಾನು ಒಪ್ಪುವುದೇ ಇಲ್ಲ. ನಿಂತ ಕಾರು ಹಾಳಾಗುವಷ್ಟು ಓಡುವ ಕಾರು ಹಾಳಾಗುವುದಿಲ್ಲ. ಸೀಲುಗಳು ಒಣಗುತ್ತವೆ, ಪೆಟ್ರೋಲ್ ಹಳಸುತ್ತದೆ, ಬ್ರೇಕ್ ಫ್ಲೂಯಿಡ್ ತೇವ ಹೀರಿಕೊಳ್ಳುತ್ತದೆ, ಟೈರು ನಿಂತ ಕಡೆ ಚಪ್ಪಟೆಯಾಗುತ್ತದೆ. ಅದಕ್ಕಿಂತ ಮುಖ್ಯ, ಓಡಿಸುವ ಸುಖಕ್ಕೆ ಅಂತಲೇ ಮಾಡಿದ ಗಾಡಿಯನ್ನು ಎಫ್‌ಡಿ ತರಹ ಬ್ಯಾಂಕಿನಲ್ಲಿಟ್ಟು ಕೂರೋದು ಅದನ್ನು ಮಾಡಿದವರಿಗೆ ಮಾಡುವ ಅವಮಾನ. ನನ್ನದು ಮಳೆಯಲ್ಲೂ ಓಡುತ್ತದೆ, ಆಫೀಸಿಗೂ ಹೋಗುತ್ತದೆ. ಬಾನೆಟ್ ಮೇಲೆ ಕಲ್ಲು ಸಿಡಿದ ಗುರುತುಗಳಿವೆ, ಡ್ರೈವರ್ ಸೀಟಿನ ಅಂಚು ಸವೆದಿದೆ. ಇರಲಿ.

ಊರಿಗೆ ವಾಪಸ್ ಬರುವಾಗ ತರುತ್ತೀಯಾ ಅಂತಲೂ ಕೇಳುತ್ತಾರೆ. ತರಲಾಗುವುದಿಲ್ಲ. ಮಾಜ್ಡಾ ಭಾರತದಲ್ಲಿ ಕಾರು ಮಾರುತ್ತಿಲ್ಲ, ಅದು ಒಂದು ಕಡೆ ಇರಲಿ, ಮೂರು ವರ್ಷಕ್ಕಿಂತ ಹಳೆಯ ಬಳಸಿದ ಕಾರನ್ನು ಆಮದು ಮಾಡಿಕೊಳ್ಳಲು ನಿಯಮ ಬಿಡುವುದಿಲ್ಲ, ಸ್ಟಿಯರಿಂಗ್ ಬೇರೆ ಬಲಗಡೆ ಇರಬೇಕು. ಚಾರ್ಮಾಡಿಯಲ್ಲಿ ಟಾಪ್ ಇಳಿಸಿ ಇದನ್ನು ಓಡಿಸಬೇಕು ಅಂತ ನನಗೆ ಬಹಳ ಆಸೆ, ಅದು ಆಗದ ಮಾತು. ನಾವು ಇಲ್ಲಿಂದ ಹೊರಡುವ ಬಗ್ಗೆ ಮನೆಯಲ್ಲಿ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಗ್ಯಾರೇಜು.

ಭಾವನ ಮಾತಿಗೂ ಉತ್ತರ ಕೊಡಬೇಕು. ಎಲೆಕ್ಟ್ರಿಕ್ ಕಾರು ನಮ್ಮ ಮನೆಯಲ್ಲಿ ಈಗಾಗಲೇ ಇದೆ, ಹೆಂಡತಿ ಓಡಿಸುತ್ತಾಳೆ, ಒಳ್ಳೆಯ ಕಾರು, ಊರು ಸುತ್ತಲು ಅದೇ ಸರಿ. ಮಿಯಾಟಾ ಕೂಡ ಎರಡು ವರ್ಷಕ್ಕೊಮ್ಮೆ ಕ್ಯಾಲಿಫೋರ್ನಿಯಾದ ಹೊಗೆ ಪರೀಕ್ಷೆ ಪಾಸಾಗುತ್ತಲೇ ಇದೆ. ಈ ವರ್ಷ ಕೆಲಸ ಇರುವುದು ಟಾಪ್‌ನದ್ದು, ಬಟ್ಟೆ ಹೊಲಿಗೆ ಬಿಡುತ್ತಿದೆ, ಈ ಸಲ ಹಿಂದೆ ಗಾಜಿನ ಕಿಟಕಿ ಇರುವುದನ್ನೇ ಹಾಕಿಸುತ್ತೇನೆ. ಅಷ್ಟರಲ್ಲಿ ಮಗಳಿಗೆ ಲರ್ನರ್ ಪರ್ಮಿಟ್ ಬರುತ್ತದೆ. ಅವಳ ಗೆಳತಿಯರಲ್ಲಿ ಯಾರಿಗೂ ಕ್ಲಚ್ ಅಂದರೆ ಏನು ಅಂತ ಗೊತ್ತಿಲ್ಲ, ಇವಳು ಮಾತ್ರ ಇದರಲ್ಲೇ ಕಲಿಯುತ್ತೇನೆ ಅಂತ ಈಗಲೇ ಹೇಳಿಟ್ಟಿದ್ದಾಳೆ. ಶಾಲೆಯ ಪಾರ್ಕಿಂಗ್ ಜಾಗ ಭಾನುವಾರ ಖಾಲಿ ಇರುತ್ತದೆ, ಅಲ್ಲೇ ಶುರು ಮಾಡುತ್ತೇವೆ. ಹೊಸ ಕ್ಲಚ್ ಪ್ಲೇಟ್ ಒಂದು ತರಿಸಿ ಇಟ್ಟಿದ್ದೇನೆ.