ಸಂಡೂರಿನ ಮಡಿಕೆ ಕಲ್ಲು: ದಿಕ್ಸೂಚಿ ನಂಬಬೇಡಿ, ನೀರು ಸುರಿದು ನೋಡಿ

ಇರಾನಿನ ಝಾಗ್ರೋಸ್ ಬೆಟ್ಟಗಳ ಫೋಟೊ ನೋಡಿಕೊಂಡು ಸಂಡೂರಿಗೆ ಬಂದರೆ ಮೊದಲು ನಿರಾಸೆಯೇ. ಅಲ್ಲಿ ಒಣ ನೆಲದಲ್ಲಿ ಮೈಲುಗಟ್ಟಲೆ ಮಡಿಕೆಗಳು, ಅಂದರೆ ಒತ್ತಡಕ್ಕೆ ಬಾಗಿದ ಕಲ್ಲಿನ ಪದರಗಳು, ಬೋಳಾಗಿ ಬಿದ್ದಿವೆ. ಇಲ್ಲಿ ಗುಡ್ಡದ ನೆತ್ತಿಗೆ ತುಕ್ಕುಗಟ್ಟಿದ ಗಟ್ಟಿ ಹೊದಿಕೆ, ಮೈತುಂಬ ಹುಲ್ಲು, ರಸ್ತೆ ಪಕ್ಕ ಲಾರಿ ಎಬ್ಬಿಸಿದ ಕೆಂಧೂಳು. ಆದರೆ ಅಂಗೈಯಗಲದ ಕಲ್ಲಲ್ಲೇ ನೆರಿಗೆ ಎಣಿಸಬೇಕೆಂದರೆ ಸಂಡೂರೇ ಸರಿ.

ಸುಮಾರು 270 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಚಪ್ಪಟೆಯಾಗಿ ಕೂತ ಪದರಗಳಿವು. ಒಂದು ಪಟ್ಟೆ ಕಬ್ಬಿಣ, ಒಂದು ಪಟ್ಟೆ ಸಿಲಿಕಾ (ಬೆಣಚುಕಲ್ಲಿನ ವಸ್ತು). ದಪ್ಪ ಮಿಲಿಮೀಟರಿನಿಂದ ಕೆಲವು ಸೆಂಟಿಮೀಟರ್. ಆಮೇಲೆ ಪಕ್ಕದಿಂದ ಒತ್ತಡ ಬಿದ್ದು ಮಡಿಚಿಕೊಂಡವು. ಸಿಲಿಕಾ ಪಟ್ಟೆ ತೆಳುವಾಗಿದ್ದಲ್ಲಿ ನೆರಿಗೆ ಸಣ್ಣ, ಒತ್ತೊತ್ತು, ದಪ್ಪವಿದ್ದಲ್ಲಿ ಅಗಲ. ಇಲಕಲ್ ಸೀರೆಯ ನೆರಿಗೆಗೂ ಕಂಬಳಿಯ ಮಡಿಕೆಗೂ ಇರುವ ವ್ಯತ್ಯಾಸವೇ ಇದು.

ಗಣಿ ಪ್ರದೇಶಕ್ಕೂ ಮೀಸಲು ಅರಣ್ಯಕ್ಕೂ ಅನುಮತಿಯಿಲ್ಲದೆ ನುಗ್ಗಬೇಡಿ. ಹೋಗಲು ಬಿಡುವ ಕಡೆ ಹಳ್ಳದ ಪಾತ್ರವೇ ಮೇಲು, ಅಲ್ಲಿ ನೀರೇ ಕಲ್ಲು ತೊಳೆದಿರುತ್ತದೆ. ನಾರಿಹಳ್ಳ ಗುಡ್ಡ ಸೀಳಿಕೊಂಡು ಹರಿಯುವ ಭೀಮಗಂಡಿ, ಓಬಳಗಂಡಿ ಎಂಬ ಕಿರುಕಣಿವೆಗಳನ್ನು ದೂರದಿಂದ ನೋಡಿದರೂ ಪದರಗಳ ಓಟ ಗೊತ್ತಾಗುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತರ ಓರೆ ಬಿಸಿಲು ಒಳ್ಳೆಯದು. ಕಲ್ಲು ಮಂಕಾಗಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ಪಟ್ಟೆ ಎದ್ದು ಕಾಣುತ್ತದೆ.

ಪದರ ಯಾವ ದಿಕ್ಕಿಗೆ ಓಡುತ್ತದೆಂದು ಅಳೆಯುವಾಗ ಹೆಚ್ಚಿನವರು ಎಡವುವುದು ದಿಕ್ಸೂಚಿಯಲ್ಲಿ. ಕಲ್ಲಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಅದಿರು ಇದ್ದರೆ ಮುಳ್ಳು ಅದರ ಕಡೆ ತಿರುಗುತ್ತದೆ. ಮೊಬೈಲಿನ ದಿಕ್ಸೂಚಿಯದೂ ಅದೇ ಪಾಡು. ಪರೀಕ್ಷೆ ಸುಲಭ. ಇಲ್ಲಿಂದ ಇಪ್ಪತ್ತು ಹೆಜ್ಜೆ ಆಚೆಯ ಗಿಡದ ದಿಕ್ಕು ಅಳೆಯಿರಿ, ಗಿಡದ ಹತ್ತಿರ ಹೋಗಿ ಮೊದಲು ನಿಂತ ಜಾಗದ ದಿಕ್ಕು ಅಳೆಯಿರಿ. ಎರಡಕ್ಕೂ 180 ಡಿಗ್ರಿ ವ್ಯತ್ಯಾಸ ಬರದಿದ್ದರೆ ಮುಳ್ಳು ಸುಳ್ಳು ಹೇಳುತ್ತಿದೆ. ಆಗ ಪದರ ಓಡುವ ಗೆರೆಯಲ್ಲೇ ದೂರದ ಗುರುತೊಂದನ್ನು ಹಿಡಿದು, ಎರಡು ಜಾಗವನ್ನೂ ಉಪಗ್ರಹ ನಕ್ಷೆಯಲ್ಲಿ ಗುರುತಿಸಿ ದಿಕ್ಕು ತೆಗೆಯಿರಿ. ಪದರ ಎಷ್ಟು ಓರೆಯಾಗಿದೆ ಎಂದು ಮೊಬೈಲು ತೋರಿಸುವ ಕೋನ ಮಾತ್ರ ನಂಬಬಹುದು, ಅದು ಗುರುತ್ವದಿಂದ ಬರುವ ಲೆಕ್ಕ, ಕಬ್ಬಿಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕಲ್ಲಿನ ಮೈ ಉಬ್ಬುತಗ್ಗು ಇರುವುದರಿಂದ ಮೊದಲು ಗಟ್ಟಿ ರಟ್ಟು ಇಟ್ಟು, ಅದರ ಮೇಲೆ ಮೊಬೈಲು ಇಡಿ. ಮೂರು ಕಡೆ ಅಳೆದು ಸರಾಸರಿ ಹಿಡಿಯಿರಿ.

ಪದರ ಯಾವ ಕಡೆ ಇಳಿಯುತ್ತದೆ? ಅದಕ್ಕೆ ಬಾಟಲಿ ಮುಚ್ಚಳದಷ್ಟು ನೀರು ಸಾಕು. ಪದರದ ನಯವಾದ ಮೈಮೇಲೆ ಸುರಿದರೆ ನೀರು ಹರಿದ ದಾರಿಯೇ ಇಳಿಜಾರಿನ ದಿಕ್ಕು. ಬಿರುಕಿನ ಮೈಮೇಲೆ ಸುರಿದರೆ ಮಾತ್ರ ಲೆಕ್ಕ ಕೆಟ್ಟಿತು. ಬಣ್ಣದ ಪಟ್ಟೆಗಳನ್ನು ಅಡ್ಡ ಕತ್ತರಿಸಿಕೊಂಡು ಹೋಗುವುದು ಬಿರುಕು, ಅವುಗಳ ಜೊತೆಜೊತೆಗೇ ಸಾಗುವುದು ಪದರ.

ಮಡಿಕೆಯ ನಿಜವಾದ ಆಕಾರ ಕಾಣಬೇಕಾದರೆ ಅದರ ನೆತ್ತಿಯ ಗೆರೆಗೆ, ಅಂದರೆ ಪದರ ಅತಿ ಹೆಚ್ಚು ಬಾಗಿದ ಗೆರೆಗೆ, ಪೆನ್ಸಿಲ್ ಇಟ್ಟು, ಆ ಪೆನ್ಸಿಲ್ಲಿನ ನೇರಕ್ಕೆ ಕಣ್ಣು ಹಾಯಿಸಿ. ಸೌತೆಕಾಯಿ ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದವಾಗುತ್ತದಲ್ಲ, ಬಂಡೆ ಓರೆಯಾಗಿ ಒಡೆದಿದ್ದರೆ ಮಡಿಕೆಯೂ ಹಾಗೇ ಎಳೆದಂತೆ ಕಾಣುತ್ತದೆ. ಹಾಗೆ ನೋಡುವಾಗ ಸಣ್ಣ ನೆರಿಗೆಗಳು ದೊಡ್ಡ ಮಡಿಕೆಯ ಒಂದು ಪಕ್ಕದಲ್ಲಿ ಇಂಗ್ಲಿಷಿನ 'ಎಸ್' ತರಹ, ಇನ್ನೊಂದು ಪಕ್ಕದಲ್ಲಿ 'ಝಡ್' ತರಹ, ನೆತ್ತಿಯಲ್ಲಿ 'ಎಂ' ತರಹ ಇರುತ್ತವೆ. ಗುಡ್ಡದಷ್ಟು ದೊಡ್ಡ ಮಡಿಕೆಯಲ್ಲಿ ನಾವು ಎಲ್ಲಿ ನಿಂತಿದ್ದೇವೆ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಆದರೆ ಅದೇ ನೆರಿಗೆಯನ್ನು ಎದುರು ತುದಿಯಿಂದ ನೋಡಿದರೆ 'ಎಸ್' ಹೋಗಿ 'ಝಡ್' ಆಗುತ್ತದೆ. ಆದ್ದರಿಂದ ಫೋಟೊದಲ್ಲಿ ಅಳತೆಗೆ ನಾಣ್ಯ ಇಟ್ಟರೆ ಸಾಲದು, ಯಾವ ದಿಕ್ಕಿಗೆ ಮುಖಮಾಡಿ ತೆಗೆದದ್ದೆಂದು ಚೀಟಿಯಲ್ಲಿ ಬರೆದು ಪಕ್ಕಕ್ಕಿಡಿ.

ಇನ್ನು ರಸ್ತೆ ಕಡಿದ ಗೋಡೆಗಳ ಮೋಸ. ಮೇಲಿನ ಒಂದೆರಡು ಮೀಟರಿನಲ್ಲಿ ಮಾತ್ರ ಪದರಗಳು ಇಳಿಜಾರಿನ ಕಡೆ ಬಾಗಿ, ಕೆಳಗೆ ನೆಟ್ಟಗಿದ್ದರೆ ಅದು ಮಡಿಕೆಯಲ್ಲ. ಸಡಿಲ ಕಲ್ಲುಮಣ್ಣು ವರ್ಷಗಟ್ಟಲೆ ನಿಧಾನ ಜಾರಿ ಪದರಗಳ ತಲೆ ಬಗ್ಗಿಸಿದೆ ಅಷ್ಟೇ.