ಮಳೆಗಾಲದಲ್ಲಿ ಆಗುಂಬೆಗೆ ಹೋಗ್ತೀರಾ? ಮೊದಲು ಟಾರ್ಚ್ ಬಲ್ಬ್ ಬದಲಿಸಿ

'ಜನರೇಟರ್ ಇದೆ ಸಾರ್' ಅಂದಿದ್ದರು ಲಾಡ್ಜಿನವರು. ಇತ್ತು, ಸುಳ್ಳಲ್ಲ. ಡೀಸೆಲ್ ಇರಲಿಲ್ಲ.

ಜುಲೈನಲ್ಲಿ ನಾನು, ತಮ್ಮ ಇಬ್ಬರೇ ಹೋಗಿದ್ದು. ಉಡುಪಿಯಿಂದ ಮಿನಿ ಬಸ್ಸು. ಘಾಟಿಯ 14 ತಿರುವನ್ನೂ ನಿಂತುಕೊಂಡೇ ಹತ್ತಿದೆವು. ಕಿಟಕಿ ಪಕ್ಕದವರ ಕೊಡೆಯಿಂದ ನನ್ನ ಬೂಟಿನೊಳಗೆ ಧಾರೆ. ರೂಮಿಗೆ 2,400 ರೂಪಾಯಿ. ಒಣಗಲಿ ಅಂತ ಹರವಿದ ಟವೆಲ್ ಇನ್ನೂ ಜಾಸ್ತಿ ಒದ್ದೆಯಾಗುವ ರೂಮು ಅದು. ಏಳು ಗಂಟೆಗೆ ಹೋದ ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ. ಫೋನಿನ ಚಾರ್ಜನ್ನು ತಮ್ಮ ಬಸ್ಸಿನಲ್ಲೇ ವಿಡಿಯೊ ಮಾಡಿ ಮುಗಿಸಿದ್ದ.

ಕೈಹಿಡಿದದ್ದು ಅಪ್ಪನ ಸ್ಟೀಲ್ ಟಾರ್ಚ್, ಎರಡು ದಪ್ಪ ಸೆಲ್ಲಿನದು. ಹೊರಡುವ ಮುಂಚೆ ಅದಕ್ಕೆ ಎಲ್‌ಇಡಿ ಬಲ್ಬ್ ಹಾಕಿದ್ದೆ. ಅದರಲ್ಲೂ ಒಮ್ಮೆ ಟೋಪಿ ಬಿದ್ದಿತ್ತು. ಆನ್‌ಲೈನ್‌ನಲ್ಲಿ ತರಿಸಿದ ಮೊದಲ ಬಲ್ಬ್ ಮಿಂಚುಹುಳದಷ್ಟೂ ಬೆಳಗಲಿಲ್ಲ. ಎರಡು ಸೆಲ್ ಸೇರಿದರೆ 3 ವೋಲ್ಟ್. ಬಿಳಿ ಎಲ್‌ಇಡಿ ಕೇಳುವುದೂ ಹೆಚ್ಚುಕಡಿಮೆ ಅಷ್ಟೇ. ಸೆಲ್ ಸ್ವಲ್ಪ ಇಳಿಯಿತೋ, ಮುಗೀತು. ವೋಲ್ಟೇಜ್ ಏರಿಸುವ ಪುಟ್ಟ ಸರ್ಕ್ಯೂಟ್ ಬಲ್ಬಿನೊಳಗೇ ಇರುವಂಥದ್ದು ಬೇಕು. ಬೆಂಗಳೂರಿನ ಎಸ್.ಪಿ. ರೋಡಿಗೆ ಟಾರ್ಚನ್ನೇ ಹೊತ್ತುಕೊಂಡು ಹೋದೆ, 90 ರೂಪಾಯಿಗೆ ಸಿಕ್ಕಿತು. ಬಲ್ಬಿನ ಕತ್ತಿನ ಸುತ್ತ ಅಗಲ ಅಂಚಿರುವುದು ಒಂದು ಥರ, ಸ್ಕ್ರೂ ಇರುವುದು ಇನ್ನೊಂದು. ಹಳೇ ಬಲ್ಬ್ ಜೇಬಿನಲ್ಲಿರಲಿ. ಅಂಗಡಿಯಲ್ಲೇ ಹಾಕಿಸಿ ನೋಡಿ. ಹತ್ತದಿದ್ದರೆ ಸೆಲ್ ಉಲ್ಟಾ ಇದೆಯಾ ಅಂತಲೂ ನೋಡಿ. ಹಳೇ ಬಲ್ಬಿಗೆ ಪ್ಲಸ್ಸು ಮೈನಸ್ಸಿನ ಗೊಡವೆ ಇರಲಿಲ್ಲ, ಇದಕ್ಕಿದೆ.

ಊಟಕ್ಕೆ ಅರ್ಧ ಕಿಲೋಮೀಟರ್ ನಡಿಗೆ. ಈ ಬೆಳಕು ಹತ್ತಿರಕ್ಕೆ ಹಾಲು ಚೆಲ್ಲಿದ ಹಾಗೆ, ದೂರಕ್ಕೆ ಹಳೇ ಬಲ್ಬಿನಷ್ಟು ಚೂಪಿಲ್ಲ. ಮಂಜಿನಲ್ಲಿ ಎದುರಿಗೆ ಹಿಡಿದರೆ ಬರೀ ಬಿಳಿ ಗೋಡೆ. ಮೊಣಕಾಲಿನ ಹತ್ತಿರ ಹಿಡಿದು ನೆಲಕ್ಕೆ ಬಿಡಿ. ಹಾಗೆ ಬಿಟ್ಟಾಗಲೇ ಕಂಡಿದ್ದು, ತಮ್ಮನ ಚಪ್ಪಲಿ ಪಟ್ಟಿಯ ಮೇಲೊಂದು ಉಂಬಳ, ಅದೇ ರಕ್ತ ಹೀರುವ ಜಿಗಣೆ. ಬಾಲ ಊರಿ ನಿಂತು, ಹೆಬ್ಬೆರಳಿನ ಕಡೆಗೆ ಮೂತಿ ಚಾಚಿ ತೂಗುತ್ತಿತ್ತು.

ಮೆಸ್ ಅಂದರೆ ಮೂರು ಬೆಂಚು, ಒಂದು ಮೇಣದಬತ್ತಿ. ಬಿಸಿಬಿಸಿ ಕುಚ್ಚಲಕ್ಕಿ ಅನ್ನ, ಕಳಲೆ ಪಲ್ಯ, ಸೊನೆ ವಾಸನೆಯ ಮಿಡಿ ಉಪ್ಪಿನಕಾಯಿ. ಕೊನೆಗೆ ಕಾವಲಿ ಮೇಲೆ ಎಣ್ಣೆ ಬಿಟ್ಟು ಅಂಚು ಗರಿಗರಿ ಮಾಡಿದ ಕೆಸುವಿನ ಎಲೆಯ ಪತ್ರೊಡೆ. ಹುಣಸೆಹುಳಿ ಸರಿಯಾಗಿ ಬಿದ್ದಿತ್ತು, ಗಂಟಲು ಒಂಚೂರೂ ತುರಿಸಲಿಲ್ಲ. ಸಾಕು ಅಂದರೆ ಮೆಸ್ಸಿನ ಅಮ್ಮ 'ಮಳೆಯಲ್ಲಿ ಬಂದಿದ್ದೀರಿ, ತಿನ್ನಿ ಮಾರಾಯ್ರೆ' ಅಂತ ಇನ್ನೆರಡು ಹಾಕಿದರು. ಇಬ್ಬರಿಗೂ ಸೇರಿ 170 ರೂಪಾಯಿ. ಎರಡನೇ ರಾತ್ರಿಯೂ ಅಲ್ಲಿಗೇ ಹೋದೆವು.

ಸೂರ್ಯಾಸ್ತದ ಜಾಗ? ಜುಲೈನಲ್ಲಿ ಸೂರ್ಯ ಇದ್ದರಲ್ವಾ! ಅದು ಬೇಕಾದವರು ಚಳಿಗಾಲದಲ್ಲಿ ಹೋಗಿ.

ಮೊದಲ ರಾತ್ರಿ ಹತ್ತಕ್ಕೆ ಯಾರೋ ಬಾಗಿಲು ತಟ್ಟಿದರು. ಮ್ಯಾನೇಜರ್. 'ಸಾರ್, ಆ ಟಾರ್ಚ್ ಐದು ನಿಮಿಷ ಕೊಡ್ತೀರಾ? ಡೀಸೆಲ್ ಕ್ಯಾನ್ ಎಲ್ಲಿದೆ ನೋಡ್ಬೇಕು.' ಕೊಟ್ಟೆ. ಕ್ಯಾನ್ ಸಿಕ್ಕಿತಂತೆ, ಖಾಲಿ. ಬಿಲ್ಲಿನಲ್ಲಿ ಮಾತ್ರ ಒಂದು ರೂಪಾಯಿಯೂ ಬಿಡಲಿಲ್ಲ.

ಮನೆಗೆ ಬಂದ ಮೇಲೆ ಸೆಲ್ ಹೊರಗೆ ತೆಗೆದಿಡಿ. ನಾನು ಹೋದ ವರ್ಷ ಮರೆತು, ಸೋರಿದ ಸೆಲ್ಲನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಬೇಕಾಯಿತು.