ಗೋಡೆ ನೋಡಕ್ಕೆ ಹನೋವರ್‌ಗೆ ಹೋಗಿದ್ದು

ಜರ್ಮನಿಯ ಹ್ಯಾಂಬರ್ಗಿಂದ ಹನೋವರ್‌ಗೆ ಟ್ರೈನಲ್ಲಿ ಒಂದೂಕಾಲು ಗಂಟೆ ಚಿಲ್ರೆ. ಜಿಟಿಜಿಟಿ ಮಳೆ ಬೇರೆ. ಟ್ರಾಮ್ ಹತ್ತಿ, ಅಲ್ಲಿನವ್ರು ಏಗಿ ಅಂತ ಕರೆಯೋ ಸ್ಟಾಪಲ್ಲಿ ಇಳ್ದು, ಮಾಶ್‌ಜೇ ಕೆರೆ ಪಕ್ಕದ ಶ್ಪ್ರೆಂಗೆಲ್ ಮ್ಯೂಸಿಯಂವರ್ಗೂ ನಡ್ಕೊಂಡೇ ಹೋದ್ವಿ. ನಮ್ಮೆಜಮಾನ್ರಿಗೆ ಕೆರೆ ನೋಡೋ ಆಸೆ, ನನಗೆ ಬೇಕಿದ್ದಿದ್ದು ಒಂದೇ ಒಂದು ರೂಮು.

ರಷ್ಯಾದ ಕ್ರಾಂತಿ ಕಾಲದ ಕಲಾವಿದ ಎಲ್ ಲಿಸಿಟ್ಸ್ಕಿ ಆ ರೂಮನ್ನ ಡಿಸೈನ್ ಮಾಡಿದ್ದು 1927ರಲ್ಲಿ, ಮಾಡಿಸಿದ್ದು ಆಗ ಈ ಊರಿನ ಮ್ಯೂಸಿಯಂ ನಡೆಸ್ತಿದ್ದ ಅಲೆಕ್ಸಾಂಡರ್ ಡಾರ್ನರ್. ಹೆಸರು ಅಬ್‌ಸ್ಟ್ರ್ಯಾಕ್ಟ್ ಕ್ಯಾಬಿನೆಟ್, ಅಂದ್ರೆ ಅಮೂರ್ತ ಚಿತ್ರಗಳನ್ನ ತೋರಿಸೋಕೆ ಅಂತ ಮಾಡಿದ ಕೋಣೆ. ದೊಡ್ಡ ದೊಡ್ಡ ಚಿತ್ರ ಪ್ರದರ್ಶನ ಅಂದ್ರೆ ಮೃಗಾಲಯ ಇದ್ದ ಹಾಗೆ, ಸಾವಿರ ಪ್ರಾಣಿ ಒಟ್ಟಿಗೇ ನಮ್ಮ ಮೇಲೆ ಘರ್ಜಿಸ್ತವೆ ಅಂತ ಲಿಸಿಟ್ಸ್ಕಿ ತಕರಾರು. ಅದಕ್ಕೇ ಇಲ್ಲಿ ಜಾರಿಸೋ ಹಲಗೆ ಇಟ್ಟ, ಒಂದು ಚಿತ್ರ ಕಾಣ್ಬೇಕಂದ್ರೆ ಇನ್ನೊಂದನ್ನ ಮುಚ್ಚಬೇಕು, ಅದೂ ನೋಡಕ್ಕೆ ಬಂದವ್ರೇ.

ಆದ್ರೆ ನನ್ನ ಹಿಡ್ಕೊಂಡಿದ್ದು ಗೋಡೆ. ಉದ್ದಕ್ಕೂ ಸಣ್ಣ ಸಣ್ಣ ಪಟ್ಟಿ ನಿಲ್ಸಿದಾರೆ, ಒಂದು ಕಡೆಯಿಂದ ನೋಡಿದ್ರೆ ಗೋಡೆ ಬಿಳಿ, ಇನ್ನೊಂದು ಕಡೆಯಿಂದ ಕಪ್ಪು, ಎದುರಿಗೆ ನಿಂತ್ರೆ ಬೂದು. ಜಾತ್ರೇಲಿ ಸಿಕ್ತಿತ್ತಲ್ಲ ಫೋಟೋ, ಎಡಗಡೆಯಿಂದ ಗಣಪತಿ, ಬಲಗಡೆಯಿಂದ ಲಕ್ಷ್ಮಿ, ನೇರ ನೋಡಿದ್ರೆ ಸರಸ್ವತಿ, ಥೇಟ್ ಅದೇ ಉಪಾಯ! ಅಜ್ಜಿ ಮನೆ ಪಡಸಾಲೇಲಿ ಅದರ ಮುಂದೆ ಎಷ್ಟು ಸಲ ಓಡಾಡಿದೀನೋ. ಒಂದೇ ವ್ಯತ್ಯಾಸ, ಇಲ್ಲಿ ದೇವ್ರಿಲ್ಲ, ಬಣ್ಣ ಮಾತ್ರ. ಚಿತ್ರ ಇದ್ದಲ್ಲೇ ಇರುತ್ತೆ, ನಾವು ಎರಡು ಹೆಜ್ಜೆ ಇಟ್ರೆ ಅದರ ಹಿಂದಿನ ಬಣ್ಣ ಬದಲಾಗಿ ಚಿತ್ರಾನೇ ಬೇರೆ ಥರ ಕಾಣುತ್ತೆ.

ನಾವು ನೋಡಿದ್ದು ಅಸಲಿ ರೂಮಲ್ಲ ಮತ್ತೆ. ಅಸಲಿನ ನಾಜಿಗಳು 1937ರಲ್ಲಿ ಕಿತ್ತು ಹಾಕಿದ್ರು, ಡಾರ್ನರ್ ಅಮೆರಿಕಕ್ಕೆ ಹೋದ. 1968ರಲ್ಲಿ ಮತ್ತೆ ಕಟ್ಟಿದ್ರು, 2017ರಲ್ಲಿ ಇನ್ನೊಂದ್ಸಲ. ನಕಲಿ ಅಂತ ಮೂಗು ಮುರಿಯೋರಿರ್ತಾರೆ, ನನಗಂತೂ ಬೇಜಾರಿಲ್ಲ, ಈ ರೂಮನ್ನ ಫೋಟೋದಲ್ಲಿ ನೋಡಿ ಏನ್ ಉಪಯೋಗ, ಫೋಟೋದಲ್ಲಿ ಗೋಡೆ ಬಣ್ಣ ಬದಲಾಗಲ್ವಲ್ಲ.

"ಏನೇ ಇದು, ಗೋಡೆ ನೋಡಕ್ಕೆ ಇಷ್ಟು ದೂರ ಬಂದ್ವಾ" ಅಂದ್ರು ನಮ್ಮೆಜಮಾನ್ರು. ಸ್ವಲ್ಪ ಹೊತ್ತಾದ್ಮೇಲೆ ತಿರುಗಿ ನೋಡ್ತೀನಿ, ಕೈ ಹಿಂದೆ ಕಟ್ಕೊಂಡು ಗೋಡೆ ಮುಂದೆ ಈ ಕಡೆಯಿಂದ ಆ ಕಡೆ, ಆ ಕಡೆಯಿಂದ ಈ ಕಡೆ ನಡೀತಿದಾರೆ, ಬಾಗಿಲ ಹತ್ರ ಗಾರ್ಡಮ್ಮ ಇವರನ್ನೇ ನೋಡ್ತಾ ನಗ್ತಿದಾರೆ.